ಭಾವನ ರಕ್ತ

"ಇದು ಕೈಯೋ, ಕಾಲೋ?" ಎಂದು ಭಾವ ಕಾಗದವನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಅದು ಜಾರಿ ನರ್ಸಮ್ಮನ ಕಾಲಬುಡಕ್ಕೆ ಬಿತ್ತು. ಯಾರೂ ಬಗ್ಗಿ ಎತ್ತಲಿಲ್ಲ. ಪ್ರಯೋಗಾಲಯದ ಉದ್ದ ಮೇಜಿನ ಸುತ್ತ ಕೂತಿದ್ದವರೆಲ್ಲ ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಬೈಗುಳ ಪಕ್ಕದವರಿಗೆ ಬೀಳುವಾಗ ಮನುಷ್ಯನಿಗೆ ತನ್ನ ಉಗುರಿನಷ್ಟು ಚಂದದ ವಸ್ತು ಬೇರೆ ಕಾಣುವುದಿಲ್ಲ.

ಬೈಸಿಕೊಂಡವಳನ್ನು ಅಲ್ಲಿ ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಮೈ ಸಣಕಲೆಂದು ಕೆಲವರು, ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತಾಳೆಂದು ಉಳಿದವರು. ಬೈದವನು ಪ್ರಯೋಗಾಲಯದ ಮುಖ್ಯಸ್ಥ, ಅವಳ ಅಕ್ಕನ ಗಂಡ. ಇಲ್ಲಿ ಸರ್, ಮನೆಯಲ್ಲಿ ಭಾವ. ಎರಡು ಕಡೆಯಲ್ಲೂ ಇಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಕೆಲಸ ಕೊಡಿಸಿದ್ದು ಭಾವನೇ ಎಂದು ನೆಂಟರೆಲ್ಲ ನಂಬಿದ್ದರು. ಆಯ್ಕೆಯ ದಿನ ಅವನು ಅವಳ ವಿರುದ್ಧವೇ ಕೈಯೆತ್ತಿದ್ದ, ಉಳಿದ ಮೂವರು ಪರವಾಗಿದ್ದರಿಂದ ಅವಳು ಉಳಿದಳು ಎಂಬ ನಿಜ ಕಡ್ಡಿಗೆ ಗೊತ್ತಿತ್ತು. ಹೇಳಿದರೆ ಯಾರು ಕೇಳುತ್ತಾರೆ? ಕೃತಘ್ನಳೆಂಬ ಬಿರುದೊಂದು ಹೆಚ್ಚಿಗೆ ಸಿಗುತ್ತಿತ್ತು, ಅಷ್ಟೆ.

ಕಾಗದದ ಮೇಲಿದ್ದದ್ದು ಒಂದು ಗೆರೆ. ಮೇಲಿನಿಂದ ಸ್ವಲ್ಪ ಕೆಳಗಿಳಿದು, ಏನೋ ಮರೆತವನ ಹಾಗೆ ಮತ್ತೆ ಮೇಲಕ್ಕೆ ಹತ್ತಿತ್ತು. ರಕ್ತದ ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟಿದ್ದರೆ ಅದು ಇಳಿದು ಇಳಿದು ತಳ ಮುಟ್ಟಬೇಕಿತ್ತು.

ಪ್ಲೇಟ್‌ಲೆಟ್ಟುಗಳ ಸಮಾಚಾರ ಇಷ್ಟೇ. ಬೆರಳು ಕೊಯ್ದರೆ ರಕ್ತದಲ್ಲಿ ತೇಲುವ ಈ ಚೂರುಗಳು ಓಡಿ ಬಂದು ಒಂದಕ್ಕೊಂದು ಅಂಟಿ ಗಾಯದ ಬಾಯಿ ಮುಚ್ಚುತ್ತವೆ. ಬನ್ನಿ ಎಂದು ಕೂಗುವ ರಾಸಾಯನಿಕ ಪ್ಲೇಟ್‌ಲೆಟ್ಟಿನೊಳಗೆ ಕಾಲಿಡುವುದಿಲ್ಲ, ಹೊರಗೆ ನಿಂತು ಬೆಲ್ ಒತ್ತುತ್ತದೆ. ಬೆಲ್ ಕೇಳಿ ಒಳಗಿನವರಿಗೆ ಸುದ್ದಿ ಮುಟ್ಟಿಸುವ ಆಳು ಬಾಗಿಲ ಹಿಂದೆಯೇ ಕೂತಿರುತ್ತದೆ. ಅದರ ಹೆಸರು ಜಿ-ಪ್ರೋಟೀನ್. ಎಡಿಪಿ ಎಂಬ ರಾಸಾಯನಿಕ ಒತ್ತುವುದು ಎರಡು ಬಾಗಿಲ ಬೆಲ್ಲನ್ನು. ಒಂದು ಬಾಗಿಲ ಆಳು ಮಲಗಿದವರನ್ನು ಎಬ್ಬಿಸುತ್ತದೆ. ಇನ್ನೊಂದರದ್ದು, ಬೇಡ, ಸುಮ್ಮನಿರಿ ಎಂದು ತಡೆಯುವ ಮನೆಯ ಹಿರಿಯನ ಬಾಯಿ ಮುಚ್ಚಿಸುತ್ತದೆ. ಎರಡೂ ಆದರೆ ಪ್ಲೇಟ್‌ಲೆಟ್ಟುಗಳು ಅಂಟಿ ನಿಲ್ಲುತ್ತವೆ. ಒಂದೇ ಆದರೆ ಎದ್ದು, ಆಕಳಿಸಿ, ಮತ್ತೆ ಮಲಗುತ್ತವೆ. ಕಡ್ಡಿಯ ಗೆರೆ ಹೇಳುತ್ತಿದ್ದದ್ದೂ ಅದನ್ನೇ. ಎರಡನೆಯ ಆಳು ನಾಪತ್ತೆ.

ಈ ಪ್ರಯೋಗಾಲಯದಲ್ಲಿ ರಕ್ತ ಹೊರಗಿನಿಂದ ತರುವುದಿಲ್ಲ. ಸರದಿಯ ಮೇಲೆ ಎಲ್ಲರೂ ನರ್ಸಮ್ಮನ ಕುರ್ಚಿಯಲ್ಲಿ ಕೂತು ತೋಳು ಚಾಚಬೇಕು. ಆ ಕಟ್ಟಳೆ ಮಾಡಿದವನು ಭಾವ. ತನ್ನ ರಕ್ತವೇ ಎಲ್ಲರದ್ದಕ್ಕೂ ಅಳತೆಗೋಲು ಎಂಬ ಹೆಮ್ಮೆ ಅವನಿಗೆ. "ಗೋಡೆ ಗಡಿಯಾರ ತಪ್ಪಬಹುದು, ನನ್ನ ಪ್ಲೇಟ್‌ಲೆಟ್ ತಪ್ಪಲ್ಲ" ಎಂದು ಬಂದ ಅತಿಥಿಗಳಿಗೆಲ್ಲ ಹೇಳುತ್ತಿದ್ದ. ಆ ಅಳತೆಗೋಲನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ತೆಗೆದು ಪರೀಕ್ಷಿಸುವುದು ಕಡ್ಡಿಯ ಪಾಲಿಗೆ ಬಂದಿತ್ತು. ಉಳಿದವರ ರಕ್ತವನ್ನು ಗಡ್ಡದವನು ತಯಾರು ಮಾಡುತ್ತಿದ್ದ. ಅವನು ಸಂಶೋಧನೆಗೆ ಸೇರಿದವನು, ಕಡ್ಡಿಯ ಮೇಜಿನ ಮೇಲೆ ಕಣ್ಣಿಟ್ಟವನು, ಭಾವ ನಗುವ ಮೊದಲೇ ನಗುವವನು.

"ಟ್ಯೂಬ್ ಅಲುಗಾಡಿದ್ರೆ ಪ್ಲೇಟ್‌ಲೆಟ್ ಕೆಡ್ತದೆ, ತಣ್ಣಗಾದ್ರೆ ಕೆಡ್ತದೆ. ಮೊನ್ನೆ ಸೇರಿದ ಮಕ್ಕಳಿಗೂ ಗೊತ್ತು," ಎಂದ ಭಾವ. "ಮೂರು ತಿಂಗಳಿಂದ ಇದೇ ರಾಗ. ಇವನು ತಯಾರು ಮಾಡಿದ್ದು ಸರಿ ಬರ್ತದೆ, ನೀವು ಮಾಡಿದ್ದು ಹಾಳಾಗ್ತದೆ. ತಪ್ಪು ಎಲ್ಲಿದೆ, ನೀವೇ ಹೇಳಿ."

"ಕೈ ಒಂದೇ ಸರ್. ಅದಕ್ಕಿಂತ ಮೊದಲು ಇದೇ ಕೈಯಲ್ಲಿ ಎರಡು ವರ್ಷ ಸರಿ ಬಂದಿದೆ," ಎಂದಳು ಕಡ್ಡಿ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅವಳನ್ನು ಕಡ್ಡಿ ಎಂದು ಯಾಕೆ ಕರೆಯುತ್ತಿದ್ದರು? "ನಿಮ್ಮ ರಕ್ತದಲ್ಲೇ ಏನೋ ಐಬಿದೆ."

ಗಡ್ಡದವನು ಕೆಮ್ಮಿದ. ನರ್ಸಮ್ಮ ಈಗ ಬಗ್ಗಿ ಕಾಗದ ಎತ್ತಿಕೊಂಡಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಭಾವ ಮೇಜಿಗೆ ಎರಡೂ ಕೈ ಊರಿದ. "ಇಪ್ಪತ್ತು ವರ್ಷದಿಂದ ಈ ಜಾಗ ನಿಂತಿರೋದೇ ನನ್ನ ರಕ್ತದ ಮೇಲೆ. ಸರಿ, ನೋಡಿಯೇಬಿಡೋಣ. ಈ ಸೋಮವಾರ ಬೇಡ, ಅದರ ಮುಂದಿನ ಸೋಮವಾರ. ಮಂಡಳಿಯವರೂ ಬಂದಿರ್ತಾರೆ. ಎಲ್ಲರೆದುರು ನಾನು ರಕ್ತ ಕೊಡ್ತೀನಿ, ಗಡ್ಡದವನು ಪರೀಕ್ಷೆ ಮಾಡ್ತಾನೆ. ನೀವು ಮುಟ್ಟೋ ಹಾಗಿಲ್ಲ. ಗೆರೆ ಕೆಟ್ರೆ ನಾನು ಕುರ್ಚಿ ಬಿಡ್ತೀನಿ. ಸರಿ ಬಂದ್ರೆ ನೀವು ಮೇಜು ಬಿಟ್ಟು ನಡೀರಿ."

ಮಂಡಳಿಯವರು ಬರುವುದು ಯಾಕೆಂದು ಎಲ್ಲರಿಗೂ ತಿಳಿದಿತ್ತು. ಭಾವನಿಗೆ ನಿವೃತ್ತಿಯ ವಯಸ್ಸಾಗಿತ್ತು. ಇನ್ನೈದು ವರ್ಷ ಅವನನ್ನೇ ಮುಂದುವರಿಸಬೇಕೋ ಬೇಡವೋ ಎಂದು ಅವರು ಅಂದೇ ತೀರ್ಮಾನಿಸುವವರಿದ್ದರು.

ಕಡ್ಡಿ ತನ್ನ ಮೇಜಿಗೆ ಬಂದು ಕೂತಾಗ ಕಿವಿ ಉರಿಯುತ್ತಿತ್ತು. ಬೆಳಗಿನ ಭಾವನ ರಕ್ತದಲ್ಲಿ ಒಂದಿಷ್ಟು ಹಳದಿ ನೀರು ಇನ್ನೂ ಉಳಿದಿತ್ತು. ಮೈಯಿಂದ ಹೊರಬಿದ್ದ ಪ್ಲೇಟ್‌ಲೆಟ್ಟಿನ ಜೀವ ಕೆಲವು ಗಂಟೆ, ಸಂಜೆಗೆ ಚೆಲ್ಲುವುದೇ. ಹಲ್ಲು ಕಚ್ಚಿಕೊಂಡು ಅದಕ್ಕೆ ಮತ್ತೆ ಎಡಿಪಿ ಹಾಕಿದಳು. ಗೆರೆ ಇಳಿಯಿತು, ಹತ್ತಿತು. "ನಿಮ್ಮಪ್ಪನ ಗಂಟೇನು ಹೋಗ್ತಿತ್ತು ಕೆಳಗಿಳಿದಿದ್ರೆ?" ಎಂದು ಯಂತ್ರಕ್ಕೇ ಬೈದಳು. ಬೈದ ಮೇಲೆ ತಲೆ ಸ್ವಲ್ಪ ತಣ್ಣಗಾಯಿತು.

ಎರಡನೆಯ ಆಳು ನಿಜಕ್ಕೂ ಸತ್ತಿದೆಯೇ? ಕೇಳುವುದಕ್ಕೆ ಒಂದು ಉಪಾಯವಿತ್ತು. ಅಡ್ರಿನಲಿನ್ ಬೆಲ್ ಒತ್ತುವುದು ಬೇರೆಯೇ ಬಾಗಿಲಲ್ಲಿ, ಆದರೆ ಅಲ್ಲಿ ಕೂತಿರುವ ಆಳು ಅದೇ ಜಾತಿಯದ್ದು. ಕಡ್ಡಿ ಉಳಿದ ಹಳದಿ ನೀರಿಗೆ ಎಡಿಪಿಯ ಜೊತೆ ಒಂದು ಹನಿ ಅಡ್ರಿನಲಿನ್ ಸೇರಿಸಿದಳು. ಗೆರೆ ಇಳಿಯಿತು. ಇಳಿಯುತ್ತಲೇ ಹೋಯಿತು. ತಳ ಮುಟ್ಟಿ ಅಲ್ಲೇ ಮಲಗಿತು.

ಅವಳು ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಆಳುಗಳೆಲ್ಲ ಗಟ್ಟಿಮುಟ್ಟಾಗಿವೆ. ಪ್ಲೇಟ್‌ಲೆಟ್ಟುಗಳು ಕೆಟ್ಟಿಲ್ಲ, ಅವಳ ಕೈ ಅವುಗಳನ್ನು ಕೆಡಿಸಿಲ್ಲ. ಒಂದೇ ಒಂದು ಬಾಗಿಲಿಗೆ ಯಾರೋ ಹೊರಗಿನಿಂದ ಮೊಳೆ ಹೊಡೆದಿದ್ದಾರೆ. ಬೇರೆ ಯಾವುದನ್ನೂ ಮುಟ್ಟದೆ ಆ ಬಾಗಿಲಿಗೇ ಮೊಳೆ ಹೊಡೆಯುವ ಮಾತ್ರೆಯ ಮೇಲೆ ಈ ಪ್ರಯೋಗಾಲಯದ ಅರ್ಧ ಜನ ದುಡಿಯುತ್ತಿದ್ದರು. ಹೃದಯದ ನಾಳ ಕಟ್ಟಿಕೊಂಡು, ಅದನ್ನು ಬಿಡಿಸಿ ಒಳಗೆ ಸ್ಟೆಂಟ್ ಕೂರಿಸಿಕೊಂಡವರು ಆ ಮಾತ್ರೆ ನುಂಗುತ್ತಾರೆ.

ಮೂರು ತಿಂಗಳ ಹಿಂದೆ ಭಾವ ದೂರದ ಊರಿನ ಸಮ್ಮೇಳನಕ್ಕೆಂದು ಹೋಗಿದ್ದ. ಬರುವಾಗ ಮುಖ ಸೋತಿತ್ತು, ಬಲ ಮಣಿಕಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು. ಸೂಟ್‌ಕೇಸ್ ಬಡಿಯಿತು ಎಂದಿದ್ದ; ಸ್ಟೆಂಟಿನ ತಂತಿ ತೂರಿಸುವುದೂ ಮಣಿಕಟ್ಟಿನಲ್ಲೇ. ಆಮೇಲಿನಿಂದ ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದಿದ್ದ. ಸೂಜಿ ಚುಚ್ಚುವ ಮೊದಲು ನರ್ಸಮ್ಮ ಎಲ್ಲರನ್ನೂ ಕೇಳುವಂತೆ ಅವನನ್ನೂ ಮಾತ್ರೆ ಏನಾದರೂ ತಗೊಂಡಿದ್ದೀರಾ ಎಂದು ಕೇಳುತ್ತಿದ್ದಳು. "ನನಗ್ಯಾಕಮ್ಮ ಮಾತ್ರೆ, ಕಲ್ಲು ತಿಂದು ಕರಗಿಸ್ತೀನಿ" ಎನ್ನುತ್ತಿದ್ದ. ಕಾಯಿಲೆಯವನೆಂದು ಗೊತ್ತಾದರೆ ಐದು ವರ್ಷ ಹೋಗುತ್ತದಲ್ಲ! ತನ್ನ ಮಾತ್ರೆ ಕೆಡಿಸಿದ ಗೆರೆಗೆ ಮೂರು ತಿಂಗಳು ಇವಳ ಕೈಯನ್ನು ಬೈದ. ಗೊತ್ತಿದ್ದೂ ಬೈದ.

"ಸಿಕ್ಕಿಬಿದ್ದೆಯಲ್ಲೋ ಕಳ್ಳ," ಎಂದಳು ಕಡ್ಡಿ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮಂಡಳಿಯವರ ಮುಂದೆ ಭಾವ ತೋಳು ಚಾಚಿ ಕೂರಲಿ, ಗಡ್ಡದವನೇ ಪರೀಕ್ಷಿಸಲಿ, ಗೆರೆ ಆಕಳಿಸಿ ಮಲಗಲಿ. ಆಮೇಲೆ ತಾನು ಎದ್ದು ಒಂದು ಹನಿ ಅಡ್ರಿನಲಿನ್ ಕೇಳುತ್ತೇನೆ. ಸುಖ ಅಂದರೆ ಇದೇ ಎನಿಸಿತು ಅವಳಿಗೆ. ಟ್ಯೂಬುಗಳನ್ನು ತೊಳೆಯುವ ತೊಟ್ಟಿಗೆ ಹಾಕುತ್ತ ಹಾಕುತ್ತ ಒಂದು ಹಾಡಿನ ಸಾಲನ್ನೂ ಗುನುಗಿದಳು.

ಕೈ ತೊಳೆಯುವಾಗ ಆ ಸುಖಕ್ಕೆ ಕಲ್ಲು ಬಿತ್ತು. ನಾಳೆಯೇ ಯಾಕಲ್ಲ? ಇವತ್ತು ಕೇಳಿದ ಕಾಗದ ನಿನ್ನೆಯೇ ಬೇಕಿತ್ತು ಎನ್ನುವ ಮನುಷ್ಯ, ಲಿಫ್ಟ್ ಬರುವುದು ತಡವಾದರೆ ಅದರ ಬಾಗಿಲಿಗೇ ಒದೆಯುವವನು, ತಾನಾಗಿಯೇ ಇಷ್ಟೊಂದು ದಿನ ಬಿಟ್ಟುಕೊಟ್ಟ. ಆ ಮಾತ್ರೆ ಹೊಡೆದ ಮೊಳೆ ಪ್ಲೇಟ್‌ಲೆಟ್ ಸಾಯುವವರೆಗೆ ಕೀಳುವುದಿಲ್ಲ. ಆದರೆ ಪ್ಲೇಟ್‌ಲೆಟ್ಟಿನ ಆಯಸ್ಸೇ ಎಂಟು ಹತ್ತು ದಿನ. ಇವತ್ತಿನಿಂದ ಮಾತ್ರೆ ಬಿಟ್ಟರೆ ಆ ಸೋಮವಾರದ ಹೊತ್ತಿಗೆ ಹಳೆಯವೆಲ್ಲ ಸತ್ತು, ಮೊಳೆಯಿಲ್ಲದ ಹೊಸವು ಹುಟ್ಟಿರುತ್ತವೆ. ಗೆರೆ ನೇರ ತಳಕ್ಕೆ ಇಳಿಯುತ್ತದೆ. ಕಡ್ಡಿ ಮನೆಗೆ ನಡೆಯುತ್ತಾಳೆ.

ಅಷ್ಟು ದಿನ ಆ ಹೊಸ ಪ್ಲೇಟ್‌ಲೆಟ್ಟುಗಳು ಎದೆಯೊಳಗಿನ ಹೊಸ ಸ್ಟೆಂಟನ್ನೂ ಹಾದು ಹೋಗುತ್ತಿರುತ್ತವೆ. ಅದನ್ನು ಗಾಯವೆಂದೇ ತಿಳಿಯುತ್ತವೆ. ಓಡಿ ಬಂದು ಅಂಟಿದರೆ ಮುಗಿಯಿತು, ಮನುಷ್ಯ ಕೂತಲ್ಲೇ ಉರುಳುತ್ತಾನೆ. ಈ ಕಟ್ಟಡದಲ್ಲಿ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಭಾವ. ಪಾಠ ಮಾಡಿದವನೂ ಅವನೇ.

"ಸಾಯಲಿ," ಎಂದಳು ಕಡ್ಡಿ. ಗಟ್ಟಿಯಾಗಿಯೇ ಅಂದಳು. ಪಕ್ಕದ ಮೇಜಿನಿಂದ ಗಡ್ಡದವನು ಯಾರು ಎಂದು ಕೇಳಿದ. "ನಿನ್ನ ಪ್ಲೇಟ್‌ಲೆಟ್," ಎಂದು ಬ್ಯಾಗು ಹೆಗಲಿಗೇರಿಸಿ ಹೊರಟಳು. ಬಸ್ಸಿನಲ್ಲಿ ಮನೆಯ ಕಡೆಗೆ ಟಿಕೆಟ್ ತೆಗೆದುಕೊಂಡವಳು ನಡುವೆಯೇ ಇಳಿದು ಅಕ್ಕನ ಮನೆಯ ರಸ್ತೆ ಹಿಡಿದಳು. ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು.

ಅಕ್ಕ ಬಾಗಿಲನ್ನು ಅರ್ಧ ತೆರೆದು ಆ ಅರ್ಧದಲ್ಲಿ ತಾನೇ ನಿಂತಳು. ಹಿಂದೆ ಇಸ್ತ್ರಿಯ ಮೇಜು, ಅದರ ಮೇಲೆ ಭಾವನ ಅಂಗಿ.

"ಏನು ಸವಾರಿ ಈ ಕಡೆ? ದಾರಿ ತಪ್ಪಿತಾ?"

"ಒಳಗೆ ಬಿಡ್ತೀಯೋ, ಮೆಟ್ಟಿಲ ಮೇಲೇ ಕೂಗಾಡಲೋ?"

ಅಕ್ಕ ಸರಿದಳು, ಕೂತುಕೋ ಎನ್ನಲಿಲ್ಲ. ಮತ್ತೆ ಇಸ್ತ್ರಿಗೆ ನಿಂತಳು. "ಎಲ್ಲಾ ಕೇಳಿದೆ. ಎಲ್ಲರ ಮುಂದೆ ಅವರ ರಕ್ತದಲ್ಲಿ ಐಬಿದೆ ಅಂದೆಯಂತೆ. ಕೆಲಸ ಕೊಡಿಸಿದವರಿಗೇ ಕತ್ತಿ ಮಸೀತೀಯಲ್ಲೇ. ಉಂಡ ಮನೆಯ ಗಳ ಎಣಿಸೋಳು ನೀನು."

"ಅಕ್ಕ, ಭಾವ ದಿನಾ ಏನಾದ್ರೂ ಮಾತ್ರೆ ತಗೋತಾರಾ?"

"ಅವರಿಗೇನಾಗಿದೆ ರೋಗ? ನಿನ್ನ ಕಣ್ಣು ಬೀಳದಿದ್ರೆ ಸಾಕು."

ಅಕ್ಕ ಸುಳ್ಳು ಹೇಳುವಾಗ ಕುತ್ತಿಗೆ ಕೆರೆದುಕೊಳ್ಳುತ್ತಾಳೆ. ಈಗ ಕೆರೆದುಕೊಳ್ಳಲಿಲ್ಲ. ಇವಳಿಗೂ ಗೊತ್ತಿಲ್ಲ ಎಂದು ಕಡ್ಡಿಗೆ ತಿಳಿಯಿತು. ಅಷ್ಟರಲ್ಲಿ ಭಾವ ಟವೆಲಿನಿಂದ ಮುಖ ಒರೆಸುತ್ತ ಒಳಗಿನಿಂದ ಬಂದ. ಇವಳನ್ನು ನೋಡಿ ಟವೆಲು ಹೆಗಲಿಗೆ ಹಾಕಿಕೊಂಡ.

"ಭಾವ, ಇವತ್ತಿನ ಮಾತ್ರೆ ನುಂಗಿದ್ರಾ?"

"ಯಾವ ಮಾತ್ರೆ?" ಎಂದ ಭಾವ. ಕಣ್ಣು ಮಾತ್ರ ಹೆಂಡತಿಯ ಕಡೆಗೆ ಹೋಗಿ ಬಂತು.

"ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೆಳಗಿನ ಟ್ಯೂಬಿಗೆ ಅಡ್ರಿನಲಿನ್ ಹಾಕಿ ನೋಡಿದೆ." ಅವನಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಕೈ ಟವೆಲಿನ ತುದಿಯಲ್ಲಿ ನಿಂತಿತು. "ನಾಳೆ ಎಲ್ಲರ ಮುಂದೆ ತಪ್ಪು ನನ್ನದೇ ಅಂತೀನಿ. ಕೈ ಸರಿಯಿಲ್ಲ ಅಂತೀನಿ. ಬೇಕಾದ್ರೆ ಕಾಲೂ ಸರಿಯಿಲ್ಲ ಅಂತೀನಿ. ಆ ಪರೀಕ್ಷೆ ಬೇಡ. ಮಾತ್ರೆ ಬಿಡಬೇಡಿ."

ಭಾವ ನಕ್ಕ. "ನೋಡಿದೆಯಾ ನಿನ್ನ ತಂಗೀನ? ಸೋಲ್ತೀನಿ ಅಂತ ಗೊತ್ತಾದ ಕೂಡಲೇ ನನ್ನನ್ನ ರೋಗಿ ಮಾಡೋಕೆ ಹೊರಟಿದಾಳೆ." ಆಮೇಲೆ ಕಡ್ಡಿಯ ಕಡೆ ತಿರುಗಿದ. "ತಪ್ಪು ಒಪ್ಕೋ, ಒಳ್ಳೇದೇ. ಆದ್ರೂ ಪರೀಕ್ಷೆ ನಡೆದೇ ನಡೀತದೆ. ನೀನು ಆಡಿದ ಮಾತು ಆಗಲೇ ಮಂಡಳಿಯವರ ಕಿವಿಗೆ ಬಿದ್ದಿದೆ. ನನ್ನ ರಕ್ತ ಏನು ಅಂತ ಅವರೂ ನೋಡ್ಲಿ."

"ಸತ್ತು ಹೋಗ್ತೀರಿ!"

"ನಿನ್ನ ದಯೆಯಲ್ಲಿ ಬದುಕೋದಕ್ಕಿಂತ ಅದೇ ವಾಸಿ."

ಕಡ್ಡಿ ಅಕ್ಕನ ತೋಳು ಹಿಡಿದಳು. "ಅಕ್ಕ, ಕೇಳಿಲ್ಲಿ. ಇವರ ಎದೇಲಿ ಸ್ಟೆಂಟ್ ಇದೆ. ಅವತ್ತು ಹೋಗಿದ್ದು ಸಮ್ಮೇಳನಕ್ಕಲ್ಲ, ಆಸ್ಪತ್ರೆಗೆ. ಈಗ ಮಾತ್ರೆ ನಿಲ್ಲಿಸ್ತಿದಾರೆ. ನಿಲ್ಲಿಸಿದ್ರೆ ರಕ್ತ ಒಳಗೇ ಗಟ್ಟಿಯಾಗಿ…"

"ಬಾಯಿ ಮುಚ್ಚು!" ಅಕ್ಕ ತೋಳು ಕೊಡವಿದಳು. "ನನ್ನ ಮನೇಲಿ ನಿಂತು ನನ್ನ ಗಂಡ ಸಾಯ್ತಾರೆ ಅಂತೀಯಾ? ಮನೆಮುರುಕಿ! ನಡಿ ಆಚೆ. ಇನ್ಮೇಲೆ ಈ ಹೊಸಿಲು ತುಳಿದ್ರೆ ಅಕ್ಕ ಸತ್ತಳು ಅಂದ್ಕೋ."

ಬಾಗಿಲು ಮುಖಕ್ಕೆ ಬಡಿಯಿತು. ಅದರ ಹಿಂದಿನಿಂದ, ದನಿ ತಗ್ಗಿಸಿ, ಅಕ್ಕ ಕೇಳಿದ್ದು ಮೆಟ್ಟಿಲ ಮೇಲೆ ನಿಂತವಳಿಗೆ ಕೇಳಿಸಿತು: "ಏನ್ರೀ ಅದು, ಯಾವ ಮಾತ್ರೆ?" ಭಾವನ ನಗು ಕೇಳಿಸಿತು. ನಗು ಆದ ಮೇಲೆ ಟಿವಿಯ ಸದ್ದು ದೊಡ್ಡದಾಯಿತು.

ಕಡ್ಡಿ ಅತ್ತುಕೊಂಡೇ ರಸ್ತೆಗಿಳಿದಳು. ಅದು ದುಃಖವಲ್ಲ, ಸಿಟ್ಟು; ಅವಳಿಗೆ ಎರಡಕ್ಕೂ ಕಣ್ಣಲ್ಲೇ ನೀರು. ಮೂಲೆಯ ಔಷಧದ ಅಂಗಡಿಯವನಿಗೆ ಅವಳ ಪರಿಚಯವಿತ್ತು. ಮಾತ್ರೆಯ ಹೆಸರು ಕೇಳಿ ಅವನು ಹುಬ್ಬೇರಿಸಿದ.

"ಡಾಕ್ಟರ ಚೀಟಿ ಇಲ್ದೆ ಕೊಡೋದಲ್ಲಮ್ಮ ಇದು. ಯಾರಿಗೆ?"

"ನನ್ನ ವೈರಿಗೆ."

"ವೈರಿಗೆ ಯಾರಾದ್ರೂ ಇದನ್ನ ಕೊಡ್ತಾರಾ?" ಎಂದು ಅವನು ಅವಳ ಮುಖ ನೋಡಿದ. ಇನ್ನೇನೂ ಕೇಳದೆ ಒಂದು ಪಟ್ಟಿ ತೆಗೆದುಕೊಟ್ಟ.

ಮರುದಿನ ಬೆಳಿಗ್ಗೆ ಎಲ್ಲರೂ ಉದ್ದ ಮೇಜಿನ ಸುತ್ತ ಸೇರಿದಾಗ 'ಮೊದಲು ನಾನು ಮಾತಾಡ್ತೀನಿ' ಎಂದು ಕಡ್ಡಿ ಎದ್ದು ನಿಂತಳು. ಅವಳಿಗೆ ಅಷ್ಟು ಮೆತ್ತಗೆ ಮಾತಾಡಲು ಬರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿನ್ನೆ ನಾನು ಹೇಳಿದ್ದು ತಪ್ಪು. ಸರ್ ರಕ್ತದಲ್ಲಿ ಐಬಿಲ್ಲ. ಕೆಡಿಸಿದ್ದು ನನ್ನ ಕೈ. ಮೇಜು ಬಿಡ್ತೀನಿ. ಪರೀಕ್ಷೆ ಬೇಡ."

ಗಡ್ಡದವನು ಬಾಯಿ ಬಿಟ್ಟುಕೊಂಡು ನೋಡಿದ. ಮೂರು ತಿಂಗಳ ಮಾನ ಅವಳು ಒಂದು ಉಸಿರಿನಲ್ಲಿ ಚೆಲ್ಲಿಬಿಟ್ಟಿದ್ದಳು. ಇಷ್ಟಕ್ಕೆ ಸಾಕು ಅನ್ನು, ಸಾಕು ಅನ್ನು ಎಂದು ಮನಸ್ಸಿನಲ್ಲೇ ಭಾವನನ್ನು ಬೇಡುತ್ತಿದ್ದಳು. ಯಾವ ದೇವರನ್ನೂ ಹಾಗೆ ಬೇಡಿದವಳಲ್ಲ.

ಭಾವ ಕುರ್ಚಿಗೆ ಒರಗಿದ. ರಾತ್ರಿ ನಿದ್ದೆ ಬಂದಂತಿರಲಿಲ್ಲ, ಕಣ್ಣ ಕೆಳಗೆ ಕಪ್ಪಾಗಿತ್ತು. "ಗಾಯ ಮಾಡಿ ಮುಲಾಮು ಹಚ್ಚಿದ್ರೆ ಆಯ್ತಾ? ಪರೀಕ್ಷೆ ನಡೀತದೆ. ಅವತ್ತು ನೀವು ಇಲ್ಲೇ ನಿಂತು ನೋಡ್ಬೇಕು. ನೋಡಿ ಆಮೇಲೆ ಹೋಗಿ."

"ನಡೆಸೋದೇನಾ?"

"ನಡೆಸೋದೇ."

ಕಡ್ಡಿ ಬ್ಯಾಗಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ನಡುವೆ ಇಟ್ಟು ಅವನ ಕಡೆಗೆ ತಳ್ಳಿದಳು. "ಹಾಗಾದ್ರೆ ಮೊದಲು ಇದನ್ನ ನುಂಗಿ. ನಿನ್ನೇದು ತಪ್ಪಿಸಿದೀರಿ."

ಬೇರೆ ಯಾವ ಕೋಣೆಯಲ್ಲಾದರೂ ಅದು ಬರೀ ಮಾತ್ರೆಯ ಪಟ್ಟಿ. ಇಲ್ಲಿ ಅದರ ಹೆಸರನ್ನು ಯಾರೂ ಎರಡು ಸಲ ಓದಬೇಕಾಗಿರಲಿಲ್ಲ. ಅದು ಯಾವ ಬಾಗಿಲಿಗೆ ಮೊಳೆ ಹೊಡೆಯುತ್ತದೆ, ಹೊಡೆದರೆ ಗೆರೆ ಹೇಗೆ ಬೀಳುತ್ತದೆ, ಯಾರು ಅದನ್ನು ತಿನ್ನುತ್ತಾರೆ, ಬಿಟ್ಟರೆ ಏನಾಗುತ್ತದೆ, ಎಲ್ಲವೂ ಎಲ್ಲರಿಗೂ ಬಾಯಿಪಾಠ. ಗಡ್ಡದವನು ಪಟ್ಟಿ ನೋಡಿದ, ಭಾವನನ್ನು ನೋಡಿದ, ಮೂರು ತಿಂಗಳಿನಿಂದ ತಾನು ನಕ್ಕದ್ದೆಲ್ಲ ನೆನಪಾದವನ ಹಾಗೆ ತಲೆ ತಗ್ಗಿಸಿದ.

"ನಾನು ಪ್ರತಿ ಸಲ ಕೇಳಿದ್ನಲ್ಲ ಸರ್," ಎಂದಳು ನರ್ಸಮ್ಮ. "ಪ್ರತಿ ಸಲ ಕೇಳಿದೆ."

ಭಾವನ ಮುಖದಲ್ಲಿ ಬಣ್ಣ ಬಂದು ಹೋಯಿತು. ಕುರ್ಚಿ, ಐದು ವರ್ಷ, ಅಳತೆಗೋಲು ಎಲ್ಲ ಆ ಮೇಜಿನ ಮೇಲೆ ಬಿದ್ದಿದ್ದವು, ಯಾರೂ ಎತ್ತಿಕೊಡುವ ಹಾಗಿರಲಿಲ್ಲ. ಅವನು ಕಡ್ಡಿಯನ್ನು ನೋಡಿದ ನೋಟಕ್ಕೆ ಹಸಿ ಹುಲ್ಲು ಸುಡುತ್ತಿತ್ತು. ಅವಳೂ ಕಣ್ಣು ತೆಗೆಯಲಿಲ್ಲ.

"ಲ್ಯಾಬಿನೊಳಗೆ ಏನನ್ನೂ ಬಾಯಿಗೆ ಹಾಕೋ ಹಾಗಿಲ್ಲ, ಗೊತ್ತಿಲ್ವಾ?" ಎಂದ. ಪಟ್ಟಿಯನ್ನು ಕೈಗೆತ್ತಿಕೊಂಡು ಎದ್ದ. ಗಾಜಿನ ಬಾಗಿಲು ತಳ್ಳಿ ಹೊರಗಿನ ಹಜಾರಕ್ಕೆ ಹೋದ.

ನಲ್ಲಿ ತಿರುಗಿಸಿದ ಸದ್ದು ಬಂತು. ಅವನ ಬೆನ್ನು ಕಾಣುತ್ತಿತ್ತು. ಎಷ್ಟೋ ಹೊತ್ತು ಅದು ಬೆನ್ನಾಗಿಯೇ ಇತ್ತು. ಕಡ್ಡಿ ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. ಆಮೇಲೆ ಆ ತಲೆ ಒಮ್ಮೆ ಹಿಂದಕ್ಕೆ ವಾಲಿ ಮತ್ತೆ ನೆಟ್ಟಗಾಯಿತು.

ಅವನು ಒಳಗೆ ಬಂದಾಗ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ನಾಳೆಯಿಂದ ನೀನು ಇಲ್ಲಿ ಕಾಲಿಡಬೇಡ," ಎಂದ. ಲ್ಯಾಬಿನಲ್ಲಿ ಅವನು ಅವಳಿಗೆ ಏಕವಚನ ಹಚ್ಚಿದ್ದು ಅದೇ ಮೊದಲು.

"ಇಡಲ್ಲ," ಎಂದಳು ಕಡ್ಡಿ ಬ್ಯಾಗು ಎತ್ತಿಕೊಳ್ಳುತ್ತ. "ನಾಳೆ ಇದೇ ಹೊತ್ತಿಗೆ ಇನ್ನೊಂದು, ಭಾವ. ಮರೀಬೇಡಿ."

ಯಾರೂ ಏಳಲಿಲ್ಲ. ಹೊರಗೆ ನಲ್ಲಿ ಇನ್ನೂ ಹರಿಯುತ್ತಿತ್ತು.